ಎರಡು ಸೀಟಿನ ಕಾರು ಹುಟ್ಟುವ ಊರು

ಹಿರೋಷಿಮಾ ಎಂದ ಕೂಡಲೇ ಪಠ್ಯಪುಸ್ತಕದ ಒಂದೇ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಕಬ್ಬಿಣದ ಪಕ್ಕೆಲುಬು ಮಾತ್ರ ಉಳಿದ ಒಂದು ಗುಮ್ಮಟ. 1945ರ ಆಗಸ್ಟ್ 6, ಬೆಳಗಿನ 8 ಗಂಟೆ 15 ನಿಮಿಷ. ಆದರೆ ಷಿಂಕಾನ್ಸೆನ್ ರೈಲಿನಿಂದಿಳಿದು ನಿಲ್ದಾಣದ ಹೊರಗೆ ಬಂದವರಿಗೆ ಮೊದಲು ಎದುರಾಗುವುದು ನೀರು ಮತ್ತು ಟ್ರಾಮು. ಒತಾ ನದಿ ಆರು ಕವಲುಗಳಾಗಿ ಒಡೆದು ಸೇತೋ ಒಳನಾಡು ಸಮುದ್ರವನ್ನು ಸೇರುವ ಮುಖಜಭೂಮಿಯ ಮೇಲೆ ಈ ಊರು ಕುಳಿತಿದೆ. ಎತ್ತ ಹೊರಟರೂ ಹತ್ತು ನಿಮಿಷದೊಳಗೆ ಒಂದು ಸೇತುವೆ ದಾಟಬೇಕು. ರಸ್ತೆಯ ನಡುವೆ ಗಂಟೆ ಬಾರಿಸುತ್ತ ಟ್ರಾಮುಗಳು ಓಡುತ್ತವೆ. ಕ್ಯೋಟೋ, ಒಸಾಕಾ, ಕೋಬೆ ನಗರಗಳು ತಮಗೆ ಬೇಡವೆಂದು ಬಿಟ್ಟ ಹಳೆಯ ಟ್ರಾಮುಗಳನ್ನು ಈ ಊರು ಕೊಂಡು ತಂದು, ರಿಪೇರಿ ಮಾಡಿ, ಹಳೆಯ ಬಣ್ಣದಲ್ಲೇ ಓಡಿಸುತ್ತ ಬಂದಿದೆ. ಬಾಂಬಿನ ಬೆಂಕಿಯಲ್ಲಿ ಸುಟ್ಟು, ಮತ್ತೆ ದುರಸ್ತಿಗೊಂಡ 651 ಮತ್ತು 652ನೇ ಸಂಖ್ಯೆಯ ಟ್ರಾಮುಗಳಂತೂ ಊರಿನವರಿಗೆ ಬಂಧುಗಳಿದ್ದ ಹಾಗೆ. 2025ರ ಆಗಸ್ಟಿನಿಂದ ಟ್ರಾಮಿನ ಹೊಸ ಹಳಿ ಮೇಲ್ಸೇತುವೆಯೇರಿ ರೈಲು ನಿಲ್ದಾಣದ ಎರಡನೆಯ ಅಂತಸ್ತಿನೊಳಕ್ಕೇ ನುಗ್ಗುತ್ತದೆ.

ಸೆಕೆಂಡ್ ಹ್ಯಾಂಡ್ ವಸ್ತುವನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿದಿರುವ ಊರು ಇದು. ಇದೇ ಊರಿನಲ್ಲಿ, ಸಾಮಾನ್ಯ ಸಂಬಳದವನೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರೊಂದು ತಯಾರಾಗುತ್ತದೆ. ಅದರ ಹೆಸರು ಮಜ್ದಾ ರೋಡ್‌ಸ್ಟರ್. ಅಮೆರಿಕದಲ್ಲಿ ಮಿಯಾಟಾ, ಯುರೋಪಿನಲ್ಲಿ ಎಂಎಕ್ಸ್-5. ಕನ್ನಡನಾಡಿನ ರಸ್ತೆಗಳಲ್ಲಿ ಇದನ್ನು ಕಂಡವರು ವಿರಳ. ಆದರೆ ಮಜ್ದಾ ಎಂಬ ಹೆಸರು ನಮ್ಮ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಅಪರಿಚಿತವಲ್ಲ. ಎಂಬತ್ತರ ದಶಕದಿಂದ ಶಾಲಾ ಮಕ್ಕಳನ್ನು, ಮದುವೆ ದಿಬ್ಬಣಗಳನ್ನು ಹೊತ್ತು ತಿರುಗಿದ ಸ್ವರಾಜ್ ಮಜ್ದಾ ಮಿನಿಬಸ್ಸು ಈ ಕಂಪನಿಯ ಸಹಯೋಗದಲ್ಲೇ ಹುಟ್ಟಿದ್ದು.

ಹಿರೋಷಿಮಾ ನಿಲ್ದಾಣದಿಂದ ಲೋಕಲ್ ರೈಲು ಹತ್ತಿದರೆ ಎರಡನೆಯ ನಿಲುಗಡೆಯೇ ಮುಕೈನಾದಾ. ಅಲ್ಲಿಂದ ನಡೆಯುವ ದೂರದಲ್ಲಿ, ಫುಚು ಎಂಬ ಪಟ್ಟಣದಲ್ಲಿ ಮಜ್ದಾದ ಕೇಂದ್ರ ಕಚೇರಿಯಿದೆ. ಮೊದಲೇ ಹೆಸರು ನೋಂದಾಯಿಸಿದವರಿಗೆ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಉಚಿತ ಪ್ರವೇಶ. ಬಸ್ಸು ಎಂಕೋ ನದಿಯ ಮೇಲೆ ಕಂಪನಿಯೇ ಕಟ್ಟಿಸಿಕೊಂಡ ಸೇತುವೆಯನ್ನು ದಾಟಿ ಉಜಿನಾ ಕಾರ್ಖಾನೆಯ ಆವರಣವನ್ನು ಹೊಗುತ್ತದೆ. ಒಂದು ಕಡೆ ಸಮುದ್ರ, ಹಡಗಿಗೆ ಏರಲು ಸಾಲುಗಟ್ಟಿ ನಿಂತ ಹೊಸ ಕಾರುಗಳು. ಇನ್ನೊಂದು ಕಡೆ ಜೋಡಣೆಯ ಶೆಡ್ಡುಗಳು.

ಈ ಕಂಪನಿ ಶುರುವಾದದ್ದು ಕಾರಿನಿಂದಲ್ಲ, ಬೂಚಿನಿಂದ. 1920ರಲ್ಲಿ ಸ್ಥಾಪನೆಯಾದಾಗ ಇದರ ಹೆಸರು ತೋಯೋ ಕಾರ್ಕ್ ಕೋಗ್ಯೋ. ಮರುವರ್ಷ ಅಧ್ಯಕ್ಷರಾದ ಜುಜಿರೊ ಮತ್ಸುದಾ ಕಾರ್ಕು ಬಿಟ್ಟು ಯಂತ್ರಗಳ ಕಡೆ ತಿರುಗಿದರು. 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿ ಬಂತು. ಮುಂದೆ ಮೋಟಾರ್ ಸೈಕಲ್ಲು, ಹಿಂದೆ ಲಾರಿ ಎಂಬಂತಿದ್ದ ಗಾಡಿ. ಬಾಂಬು ಬಿದ್ದ ದಿನ ಕಾರ್ಖಾನೆಯಿದ್ದದ್ದು ಸ್ಫೋಟದ ಕೇಂದ್ರದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ. ನಡುವೆ ಹಿಜಿಯಾಮಾ ಎಂಬ ಗುಡ್ಡ. ಗುಡ್ಡವೆಂದರೆ ದೊಡ್ಡದೇನಲ್ಲ, 70 ಮೀಟರಿನ ಆಸುಪಾಸು. ನಮ್ಮಲ್ಲಾದರೆ ದಿಬ್ಬ ಎನ್ನುತ್ತಿದ್ದರು. ಅಷ್ಟು ಸಣ್ಣ ಗುಡ್ಡವೇ ಸ್ಫೋಟದ ಅಲೆಗೆ ಅಡ್ಡ ನಿಂತಿತು. ಕಾರ್ಖಾನೆಯ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಊರಿನಲ್ಲಿ ಸರ್ಕಾರಿ ಕಟ್ಟಡಗಳೇ ಇಲ್ಲವಾದಾಗ ಪ್ರಾಂತದ ಆಡಳಿತ ಕಚೇರಿ ಈ ಕಾರ್ಖಾನೆಯೊಳಕ್ಕೆ ಬಂದು ಕುಳಿತು, ಮುಂದಿನ ವರ್ಷದವರೆಗೂ ಅಲ್ಲೇ ಇತ್ತು. ಅದೇ 1945ರ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಶುರುವಾಯಿತು. ನಾಲ್ಕು ತಿಂಗಳಲ್ಲಿ!

1946ರಲ್ಲಿ ಕೆಲಸಕ್ಕೆ ಸೇರಿದ ಕೆನ್‌ಇಚಿ ಯಾಮಾಮೊತೊ ಎಂಬ ಎಂಜಿನಿಯರ್ ಇಲ್ಲಿ ಮೇಲೇರುತ್ತ ಹೋದರು. ರೋಟರಿ ಎಂಜಿನ್ನನ್ನು ಜಗತ್ತಿಗೆ ಓಡಿಸಿ ತೋರಿಸಿದ ತಂಡದ ನಾಯಕರು ಇವರೇ. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತರು ಇವರೊಡನೆ ಮಾತಿಗೆ ಕುಳಿತಾಗ, ಮಜ್ದಾ ಮುಂದೆ ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ಹಾಲ್ ಹೇಳಿದ್ದು ಇಂಗ್ಲೆಂಡಿನ ಹಳೆಯ ತೆರೆದ ಕಾರುಗಳ ಕಥೆ. ಎಂಜಿ, ಟ್ರಯಂಫ್, ಲೋಟಸ್ ಎಲಾನ್: ಎರಡೇ ಸೀಟು, ಹಗುರ ಮೈ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಬಲ. ಓಡಿಸಿದವರು ಜೀವಮಾನವಿಡೀ ಮರೆಯದ ಕಾರುಗಳು. ನಿಂತಲ್ಲೆಲ್ಲ ಎಣ್ಣೆಯ ರಂಗೋಲಿ ಬಿಡುವುದೂ, ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವುದೂ ಅವುಗಳ ಜಾತಿಗುಣವೇ. 1980ರಲ್ಲಿ ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್ ಎರಡೂ ನಿಂತುಹೋದವು. ಆ ಜಾಗ ಖಾಲಿ ಬಿತ್ತು.

ಮಾತು ಕಾರಾಗಲು ಹತ್ತು ವರ್ಷ ಹಿಡಿಯಿತು. ಕಂಪನಿಯೊಳಗೇ ಮೂರು ಬಗೆಯ ನಕ್ಷೆಗಳಿಗೆ ಸ್ಪರ್ಧೆಯಾಗಿ, ಕ್ಯಾಲಿಫೋರ್ನಿಯಾದ ತಂಡ ಸೂಚಿಸಿದ ಹಳೆಯ ಪದ್ಧತಿಯೇ ಗೆದ್ದಿತು. ತೊಶಿಹಿಕೊ ಹಿರಾಯ್ ಎಂಬವರು ಯೋಜನೆಯ ಹೊಣೆ ಹೊತ್ತರು. ಅವರು ತಂಡದ ಮುಂದೆ ಇಟ್ಟ ಮಾತು ‘ಜಿನ್‌ಬಾ ಇತ್ತಾಯ್’, ಎಂದರೆ ಸವಾರ ಮತ್ತು ಕುದುರೆ ಒಂದೇ ದೇಹವಾಗುವುದು. ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಜಪಾನೀ ಕಲೆಯನ್ನು ನೆನಪಿಸುವ ಮಾತು. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾರನ್ನು ತೋರಿಸಿದರು. ಅದೇ ವರ್ಷ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಸುಮಾರು 17 ಲಕ್ಷ ಯೆನ್ನಿಗೆ ಮಾರಾಟ ಶುರುವಾಯಿತು. 2000ದಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರೆಂದು ಗಿನ್ನೆಸ್ ದಾಖಲೆಗೆ ಸೇರಿತು. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷನೆಯ ಕಾರು ಇದೇ ಕಾರ್ಖಾನೆಯಿಂದ ಹೊರಬಿತ್ತು.

ಸ್ಪೋರ್ಟ್ಸ್ ಕಾರು ಎಂದರೆ ಭಾರೀ ಎಂಜಿನ್, ಭಾರೀ ವೇಗ ಎಂದು ಹುಡುಗರು ತಿಳಿದಿರುತ್ತಾರೆ. ಮೊದಲ ರೋಡ್‌ಸ್ಟರಿನ ಎಂಜಿನ್ ಬರೀ 1.6 ಲೀಟರಿನದು, 120 ಅಶ್ವಶಕ್ತಿಯದು. ಇಂದಿನ ಎಷ್ಟೋ ಕುಟುಂಬದ ಕಾರುಗಳಿಗೆ ಇದಕ್ಕಿಂತ ಹೆಚ್ಚು ಶಕ್ತಿಯಿದೆ. ಗುಟ್ಟು ಇರುವುದು ತೂಕದಲ್ಲಿ. ಕಾರಿನ ತೂಕ 940 ಕಿಲೋ ಮಾತ್ರ. ಒಂದೊಂದು ಅಶ್ವಶಕ್ತಿಯ ಪಾಲಿಗೆ ಎಂಟು ಕಿಲೋ ಕೂಡ ಬೀಳುವುದಿಲ್ಲ. ಜೊತೆಗೆ ಆ ತೂಕವನ್ನು ಇಟ್ಟಿರುವ ಜಾಗವೂ ಮುಖ್ಯ. ಎಂಜಿನ್ನನ್ನು ಮುಂದಿನ ಚಕ್ರಗಳ ನಡುಗೆರೆಯಿಂದ ಹಿಂದಕ್ಕೆ ಸರಿಸಿದ್ದಾರೆ. ಬ್ಯಾಟರಿಯನ್ನು ಡಿಕ್ಕಿಗೆ ಕಳಿಸಿದ್ದಾರೆ. ಚಾಲಕ ಕುಳಿತಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಸಮ.

ಹೈಸ್ಕೂಲಿನ ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಕೊಡ ನೀರನ್ನು ಉದ್ದನೆಯ ಅಡ್ಡೆಯ ಎರಡು ತುದಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಗಕ್ಕನೆ ತಿರುಗಲು ನೋಡಿ. ಮೈ ತಿರುಗಿದರೂ ಅಡ್ಡೆ ತಡವಾಗಿ ತಿರುಗುತ್ತದೆ. ಒಮ್ಮೆ ತಿರುಗತೊಡಗಿದರೆ ನಿಲ್ಲಿಸುವುದೂ ಕಷ್ಟ. ಅವೇ ಎರಡು ಕೊಡಗಳನ್ನು ಎರಡು ಸೊಂಟಕ್ಕೆ ಒತ್ತಿ ಹಿಡಿದರೆ ತೂಕ ಅಷ್ಟೇ, ತಿರುಗುವುದು ಸಲೀಸು. ಭೌತವಿಜ್ಞಾನದಲ್ಲಿ ಇದಕ್ಕೆ ಜಡತ್ವದ ಮಹತ್ವ ಎನ್ನುತ್ತಾರೆ. ತಿರುವಿನಲ್ಲಿ ಈ ಕಾರು ಕೊಡುವ ಸಂತೋಷವೆಲ್ಲ ಸೊಂಟದ ಕೊಡದ ಸಂತೋಷ. ಅದಕ್ಕೆ ನೂರಿಪ್ಪತ್ತರ ವೇಗ ಬೇಕಿಲ್ಲ, ನಲವತ್ತೇ ಸಾಕು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಾರು ಎಷ್ಟು ಹಗುರವಾದರೂ ಈ ಲೆಕ್ಕದಿಂದ ವಿನಾಯಿತಿಯಿಲ್ಲ.

ಹಾಸನ ಜಿಲ್ಲೆಯ ಒಬ್ಬ ಯುವಕ ಈ ಊರಿಗೆ ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದ. ವಾಸ ಫುಚುವಿನ ಪಕ್ಕದ ಕಾಯ್ತಾ ಪಟ್ಟಣದಲ್ಲಿ. ಕೆಲಸ ಪೂರ್ವಕ್ಕೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು ದೂರದ ಸೈಜೋ ಕಡೆ. ನಡುವೆ ಸೆನೋ ಎಂಬಲ್ಲಿ ಏರುದಾರಿ. ಅಲ್ಲಿನ ರೈಲು ಹಳಿ ಸಾವಿರ ಮೀಟರಿಗೆ 22.6 ಮೀಟರ್ ಏರುವುದರಿಂದ ಗೂಡ್ಸ್ ಗಾಡಿಗಳಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಒತ್ತಾಸೆ ಕೊಡುತ್ತದೆ. ರೈಲಿನಲ್ಲೇ ಹೋಗಿ ಬರುತ್ತಿದ್ದ ಹುಡುಗನಿಗೆ ರಾತ್ರಿ ಪಾಳಿ ಬಿದ್ದ ಮೇಲೆ ಕಾರು ಬೇಕಾಯಿತು. ಬೇಕಾದದ್ದು ಕಾರು; ಆಸೆ ಹುಟ್ಟಿದ್ದು ರೋಡ್‌ಸ್ಟರಿನ ಮೇಲೆ. ಉಳಿತಾಯ 11 ಲಕ್ಷ ಯೆನ್. ಅದರಲ್ಲಿ 3 ಲಕ್ಷ ತಂಗಿಯ ಕೊನೆಯ ವರ್ಷದ ಬಿಇ ಫೀಜಿಗೆಂದು ಮೊದಲೇ ಮಾತು ಕೊಟ್ಟದ್ದು. ಉಳಿದ 8 ಲಕ್ಷ ಯೆನ್ ಎಂದರೆ ನಾಲ್ಕೂವರೆ ಲಕ್ಷ ರೂಪಾಯಿಯ ಆಸುಪಾಸು.

ಊರಿನಲ್ಲಿ ತಂದೆ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಫೋನಿನಲ್ಲಿ ವಿಷಯ ಕೇಳಿ ಅವರು ಬೈಯಲಿಲ್ಲ.

‘ಎಂಟು ಐತಾ? ಹಂಗಾದ್ರೆ ಐದಕ್ಕೆ ಕಾರು ನೋಡು. ಮೂರು ಆ ಕಾರಿಗೇ ಇಟ್ಕೊ. ಹಳೇ ಗಾಡಿ ಮೊದಲ್ನೇ ವರ್ಷ ಊಟ ಕೇಳ್ತದೆ ಕಣೋ.’

ತಾಯಿಯ ಪ್ರಶ್ನೆ ಬೇರೆ. ‘ತಲೆ ಮೇಲೆ ಬಟ್ಟೆ ಅಂತೀಯ. ಮಗುಚ್ಕೊಂಡ್ರೆ ಏನ್ ಗತಿ ಮಗಾ?’

ಆ ಪ್ರಶ್ನೆಗೆ ಉತ್ತರ ಸುಲಭದ್ದಲ್ಲ. ಮೊದಲ ತಲೆಮಾರಿನ ಕಾರುಗಳಲ್ಲಿ ಅಮೆರಿಕಕ್ಕೆ ಹೋದವಕ್ಕೆ ಚಾಲಕನ ಏರ್‌ಬ್ಯಾಗ್ ಇತ್ತು. ಜಪಾನಿನಲ್ಲಿ ಮೊದಮೊದಲು ಮಾರಾಟವಾದ ಎಷ್ಟೋ ಕಾರುಗಳಲ್ಲಿ ಅದೂ ಇರಲಿಲ್ಲ. 1998ರ ಆರಂಭದಲ್ಲಿ ಬಂದ ಎರಡನೆಯ ತಲೆಮಾರಿಗೆ ಏರ್‌ಬ್ಯಾಗುಗಳು ಬಂದವು, ಮೈಯೂ ಗಟ್ಟಿಯಾಯಿತು. 2005ರ ಮೂರನೆಯದು, 2015ರ ನಾಲ್ಕನೆಯದು ಇನ್ನೂ ಸುರಕ್ಷಿತ. ಹಾಗೆಂದು ಚಿಕ್ಕ, ತಗ್ಗಾದ, ತೆರೆದ ಕಾರು ದೊಡ್ಡ ಲಾರಿಯ ಪಕ್ಕದಲ್ಲಿ ಚಿಕ್ಕದೇ. ದಿನವೂ ಓಡಿಸುವವರು ಏರ್‌ಬ್ಯಾಗಿಲ್ಲದ ಕಾರನ್ನು ಅಂದಕ್ಕಾಗಿ ಕೊಳ್ಳುವುದು ಜಾಣತನವಲ್ಲ. ಹುಡುಗ ತಾಯಿಗೆ ಅಷ್ಟರಮಟ್ಟಿಗೆ ಮಾತು ಕೊಟ್ಟ. ಉಬ್ಬಿದ ಕಣ್ಣಿನಂತೆ ದೀಪಗಳು ಮೇಲೇಳುವ ಮೊದಲ ತಲೆಮಾರಿನ ಕಾರು ಅಲ್ಲಿಗೆ ಪಟ್ಟಿಯಿಂದ ಬಿತ್ತು. ಆದರೂ ಒಂದನ್ನು ನೋಡಲು ಹೋಗದೆ ಇರಲಿಲ್ಲ!

ಜಪಾನಿನಲ್ಲಿ ಕಾರು ಕೊಳ್ಳುವುದಕ್ಕಿಂತ ಇಟ್ಟುಕೊಳ್ಳುವುದು ಕಷ್ಟ. ಮೊದಲನೆಯದಾಗಿ, ಕಾರು ನಿಲ್ಲಿಸಲು ಜಾಗವಿದೆಯೆಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ತರಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರಿನೊಳಗೆ ಇರಬೇಕು. ನಮ್ಮ ಊರುಗಳಲ್ಲಿ ಇಂಥ ಕಾನೂನು ಬಂದರೆ ಅರ್ಧಕ್ಕರ್ಧ ಬೀದಿ ಖಾಲಿಯಾದೀತು. ಎರಡನೆಯದು ಶಾಕೆನ್ ಎಂಬ ತಪಾಸಣೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ನಮ್ಮ ಎಫ್‌ಸಿಯಂತೆಯೇ, ಆದರೆ ಬ್ರೇಕು, ಹೊಗೆ, ದೀಪದ ಕೋನ, ರಬ್ಬರಿನ ಬಿರುಕು ಎಲ್ಲವನ್ನೂ ನಿಜವಾಗಿಯೇ ನೋಡುತ್ತಾರೆ. ತೆರಿಗೆ, ಕಡ್ಡಾಯ ವಿಮೆ ಎಲ್ಲ ಸೇರಿ ಪ್ರತಿ ಸಲ ಲಕ್ಷ ಯೆನ್ ಖರ್ಚಾಗುವುದು ಮಾಮೂಲು. ಆದ್ದರಿಂದ ಅಲ್ಲಿ ಹಳೆಯ ಕಾರಿನ ಬೆಲೆ ಕೇಳುವಾಗ ಶಾಕೆನ್ ಎಷ್ಟು ತಿಂಗಳು ಉಳಿದಿದೆ ಎಂಬುದೂ ಬೆಲೆಯ ಭಾಗವೇ. ಇನ್ನು ವರ್ಷದ ತೆರಿಗೆ ಎಂಜಿನ್ನಿನ ಗಾತ್ರದ ಮೇಲೆ. 1.5 ಲೀಟರಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿದರೂ ಮೇಲಿನ ಮೆಟ್ಟಿಲು. 1.6 ಲೀಟರಿನ ಹಳೆಯ ರೋಡ್‌ಸ್ಟರಿಗೆ 39,500 ಯೆನ್ ಇದ್ದದ್ದು, ಹದಿಮೂರು ವರ್ಷ ದಾಟಿದ ಕಾರೆಂಬ ಕಾರಣಕ್ಕೆ 45,400 ಆಗುತ್ತದೆ. ಸ್ವಂತ ಇಚ್ಛೆಯ ವಿಮೆಯಲ್ಲಿ ವಯಸ್ಸಿನ ಮೆಟ್ಟಿಲುಗಳಿವೆ. 21 ದಾಟಿದವರಿಗೆ ಒಂದು ದರ, 26 ದಾಟಿದವರಿಗೆ ಇನ್ನೂ ಕಡಿಮೆ. ಹುಡುಗನಿಗೆ 27 ಆಗಿದ್ದದ್ದು ಅದೃಷ್ಟ. ಮೊದಲ ಒಂದು ವರ್ಷ ಭಾರತದ ಅಂತರರಾಷ್ಟ್ರೀಯ ಪರವಾನಗಿ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಿ ಜಪಾನಿನ ಪರವಾನಗಿ ಪಡೆಯಬೇಕು. ಅದನ್ನು ಆತ ಮುಗಿಸಿಕೊಂಡಿದ್ದ. ರಸ್ತೆಯ ಎಡಕ್ಕೆ ಓಡಿಸುವುದು, ಸ್ಟೀರಿಂಗು ಬಲಕ್ಕಿರುವುದು ನಮ್ಮಂತೆಯೇ ಆದ್ದರಿಂದ ಕೈಗೆ ಹೊಸದೇನೂ ಇಲ್ಲ. ಟ್ರಾಮಿಗೆ ದಾರಿ ಬಿಡುವುದನ್ನು ಮಾತ್ರ ಕಲಿಯಬೇಕು.

ಸೈಜೋ ರಸ್ತೆಯ ಬದಿಯ ಅಂಗಡಿಗಳಲ್ಲಿ ಹಳೆಯ ಕಾರುಗಳು ಮೂಗು ರಸ್ತೆಗೆ ಮಾಡಿ ನಿಂತಿರುತ್ತವೆ. ಗಾಜಿನ ಮೇಲೆ ಬೆಲೆಯ ಫಲಕ. 2023ರ ಅಕ್ಟೋಬರಿನಿಂದ ತೆರಿಗೆ, ನೋಂದಣಿ ಖರ್ಚು ಎಲ್ಲ ಸೇರಿದ ಒಟ್ಟು ಮೊತ್ತವನ್ನೇ ಬರೆಯಬೇಕೆಂಬ ನಿಯಮ ಬಂದಿದೆ. ಚಾಸಿಯ ಭಾಗಕ್ಕೆ ಏಟು ಬಿದ್ದು ರಿಪೇರಿಯಾಗಿದೆಯೇ ಇಲ್ಲವೇ ಎಂಬುದನ್ನೂ ಬರೆದಿರುತ್ತಾರೆ. ಇದೊಂದು ದೊಡ್ಡ ಅನುಕೂಲ. ಆದರೆ ತುಕ್ಕಿನ ಬಗ್ಗೆ ಫಲಕ ಏನನ್ನೂ ಹೇಳುವುದಿಲ್ಲ.

ಮೊದಲು ನೋಡಿದ್ದು 1990ರ ಕೆಂಪು ಕಾರು. ಕೇಳಿದ ಬೆಲೆ ಹೊಸದಾಗಿದ್ದಾಗಿನ ಬೆಲೆಗಿಂತ ಹೆಚ್ಚು. ಮೊದಲ ತಲೆಮಾರಿನ ಚೆನ್ನಾಗಿ ಉಳಿದ ಕಾರುಗಳಿಗೆ ಈಗ ಹಾಗೆಯೇ. 2017ರಲ್ಲಿ ಮಜ್ದಾ ಕಂಪನಿಯೇ ಹಳೆಯ ರೋಡ್‌ಸ್ಟರುಗಳನ್ನು ವಾಪಸು ತೆಗೆದುಕೊಂಡು ಹೊಸದರಂತೆ ಮಾಡಿಕೊಡುವ ಕೆಲಸ ಶುರುಮಾಡಿತು. ನಿಂತುಹೋಗಿದ್ದ ಹಳೆಯ ಅಳತೆಯ ಟೈರನ್ನೂ, ಬಟ್ಟೆಯ ಟಾಪನ್ನೂ ಮತ್ತೆ ಮಾಡಿಸಿತು. ಎಲ್ಲ ಮಾಡಿಸಿದರೆ ಆಗುವ ಖರ್ಚು ಹೊಸ ರೋಡ್‌ಸ್ಟರನ್ನೇ ಮೀರಿಸುತ್ತದೆ. ಅದು ಬಜೆಟ್ಟಿನವರ ದಾರಿಯಲ್ಲ. ಈ ಕೆಂಪು ಕಾರಿನ ಬಾನೆಟ್ ತೆರೆದಾಗ ಹುಡುಗ ಎಂಜಿನ್ನಿನ ಮುಂದಿನ ಪುಲ್ಲಿಯನ್ನು ನೋಡಿದ. ಅದರಲ್ಲಿ ನಾಲ್ಕು ಕಂಡಿಗಳಿದ್ದರೆ ಕ್ರ್ಯಾಂಕ್ ಶಾಫ್ಟಿನ ಮೂತಿ ಗಿಡ್ಡದು, 1991ರ ನಡುವಿನವರೆಗೆ ಬಂದ ಎಂಜಿನ್ನು, ಎಂಟಿದ್ದರೆ ಆಮೇಲಿನದು. ಗಿಡ್ಡ ಮೂತಿಯ ಬೋಲ್ಟನ್ನು ಯಾರಾದರೂ ಸರಿಯಾಗಿ ಬಿಗಿಯದೆ ಬಿಟ್ಟಿದ್ದರೆ ಪುಲ್ಲಿ ಓಲಾಡಿ ಶಾಫ್ಟೇ ಸವೆಯುತ್ತದೆ. ಇಲ್ಲಿ ನಾಲ್ಕು ಇದ್ದವು. ಹುಡುಗ ಒಂದು ಫೋಟೋ ತೆಗೆದುಕೊಂಡು ನಮಸ್ಕಾರ ಹೇಳಿ ಹೊರಬಂದ.

ಪಕ್ಕದಲ್ಲೇ ಒಂದು ಆರ್‌ಎಕ್ಸ್-8 ಇತ್ತು. ಇದೇ ಕಂಪನಿಯ ರೋಟರಿ ಎಂಜಿನ್ನಿನ ಕಾರು, ನಾಲ್ಕು ಸೀಟು, ಬೆಲೆ ಆಶ್ಚರ್ಯ ಹುಟ್ಟಿಸುವಷ್ಟು ಕಡಿಮೆ. ಅಗ್ಗಕ್ಕೆ ಕಾರಣವಿದೆ. ತ್ರಿಕೋನಾಕಾರದ ರೋಟರಿನ ಮೂಲೆಗಳಲ್ಲಿರುವ ಸೀಲುಗಳು ಸವೆದರೆ ಒತ್ತಡ ಇಳಿಯುತ್ತದೆ, ಬಿಸಿಯಾದಾಗ ಎಂಜಿನ್ ಶುರುವಾಗುವುದಿಲ್ಲ. ಪೆಟ್ರೋಲಂತೂ ಕುಡಿಯುತ್ತಲೇ ಇರುತ್ತದೆ. ಕಂಪ್ರೆಷನ್ ಅಳೆಸದೆ ಇದನ್ನು ಮುಟ್ಟಬಾರದು.

ಎರಡನೆಯ ದಿನ ಸಿಕ್ಕದ್ದು 2002ರ ನೀಲಿ ಕಾರು. ಎರಡನೆಯ ತಲೆಮಾರು, ಓಡಿದ್ದು 41 ಸಾವಿರ ಕಿಲೋಮೀಟರ್ ಮಾತ್ರ, ಬೆಲೆ 4 ಲಕ್ಷ 80 ಸಾವಿರ ಯೆನ್. ಹುಡುಗನ ಎದೆ ಹಾರಿತು. ಹಾಸನದಿಂದ ತಂದೆ ವಿಡಿಯೋ ಕರೆಯಲ್ಲಿ ನೋಡುತ್ತಿದ್ದರು.

‘ಬಾಗ್ಲು ಕೆಳಗಿನ ಪಟ್ಟಿ ತೋರ್ಸು. ಅಯಸ್ಕಾಂತ ತಂದಿದ್ದೀಯಲ್ಲ, ಹಿಂದ್ಗಡೆ ಚಕ್ರದ ಹತ್ರ ಇಟ್ಟು ನೋಡು.’

ಬಾಗಿಲಿನ ಕೆಳಗೆ ಅಯಸ್ಕಾಂತ ಟಪ್ಪನೆ ಅಂಟಿತು. ಹಿಂದಿನ ಚಕ್ರದ ಕಡೆ ಸರಿಸುತ್ತ ಹೋದಂತೆ ಒಂದು ಗೇಣು ಜಾಗದಲ್ಲಿ ಜಾರಿ ಕೈಗೆ ಬಿತ್ತು. ಅಲ್ಲಿ ತಗಡಿರಲಿಲ್ಲ, ಬಣ್ಣದ ಕೆಳಗೆ ಪುಟ್ಟಿಯಿತ್ತು. ಮಾರುವವರ ಅನುಮತಿ ಪಡೆದು ಕೆಳಗೆ ಮಲಗಿ ಟಾರ್ಚು ಬಿಟ್ಟಾಗ ಮುಂದಿನ ಚಾಸಿ ಕಂಬಿಗಳ ಮೇಲೂ ಹಪ್ಪಳದಂತೆ ಎದ್ದ ತುಕ್ಕು. ಕಾಗದ ನೋಡಿದರೆ ಕಾರು ಬಂದದ್ದು ಉತ್ತರದ ಹಿಮ ಬೀಳುವ ಸೀಮೆಯಿಂದ. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಲವಣ ಚೆಲ್ಲುತ್ತಾರೆ. ಲವಣ ಬೆರೆತ ನೀರು ವಿದ್ಯುದ್ವಾಹಕ. ಕಬ್ಬಿಣದ ಮೇಲೆ ಅದು ನಿಂತರೆ ಸಣ್ಣ ಸಣ್ಣ ವಿದ್ಯುತ್ಕೋಶಗಳೇ ಹುಟ್ಟಿಕೊಂಡು ಕಬ್ಬಿಣ ಕರಗುತ್ತ ಹೋಗುತ್ತದೆ. ಶಾಲೆಯ ಮೊಳೆ ಮತ್ತು ಪ್ರನಾಳದ ಪ್ರಯೋಗವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿರುತ್ತದೆ.

ರೋಡ್‌ಸ್ಟರಿಗೆ ತುಕ್ಕು ಹಿಡಿಯಲು ಇನ್ನೊಂದು ದಾರಿಯೂ ಇದೆ. ಅದನ್ನು ತಿಳಿಯದವರು ಹಿಮವಿಲ್ಲದ ಊರಿನಲ್ಲೂ ಮೋಸಹೋಗುತ್ತಾರೆ. ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆ ನೀರು ಹಿಂಭಾಗದ ಒಂದು ಕಾಲುವೆಗೆ ಇಳಿದು, ಸೀಟುಗಳ ಹಿಂದೆ ಎಡಬಲಕ್ಕಿರುವ ಎರಡು ತೂತುಗಳಿಂದ ಕೆಳಗೆ ಹರಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು ಸೇರಿ ಆ ತೂತು ಕಟ್ಟುತ್ತದೆ. ಆಗ ನೀರು ಒಳಗೇ ನಿಂತು, ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ನೋಡಲು ಹೋದವರು ಸೀಟಿನ ಹಿಂದಿನ ಕಾರ್ಪೆಟ್ಟನ್ನು ಕೈಯಿಂದ ಒತ್ತಬೇಕು, ಮೂಸಬೇಕು. ಹಸಿ ವಾಸನೆ ಬಂದರೆ ಬಣ್ಣ ಎಷ್ಟು ಹೊಳೆದರೂ ಅಲ್ಲಿಂದ ಏಳುವುದೇ ಸರಿ.

ಮೂರನೆಯದು 2001ರ ಬೆಳ್ಳಿ ಬಣ್ಣದ 1.6 ಲೀಟರಿನ ಕಾರು. ಓಡಿದ್ದು 1 ಲಕ್ಷ 8 ಸಾವಿರ ಕಿಲೋಮೀಟರ್. ಒಟ್ಟು ಮೊತ್ತ, ಎರಡು ವರ್ಷದ ಶಾಕೆನ್ ಸೇರಿ, 5 ಲಕ್ಷ 60 ಸಾವಿರ ಯೆನ್. ನೋಡಲು ಸಪ್ಪೆ, ಬಂಪರಿನ ಮೇಲೆ ಗೀರು, ಚಾಲಕನ ಸೀಟಿನ ಅಂಚು ಹರಿದಿತ್ತು. ಆದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮೊದಲ ದಿನದಿಂದ ಇಟ್ಟ ದಾಖಲೆಯ ಪುಸ್ತಕವಿತ್ತು. ಒಬ್ಬರೇ ಮಾಲೀಕರು, ಒಳನಾಡು ಸಮುದ್ರದ ದಂಡೆಯ ಊರು, ಹಿಮದ ಮಾತಿಲ್ಲ. ಟೈಮಿಂಗ್ ಬೆಲ್ಟನ್ನು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಇವರು 98 ಸಾವಿರಕ್ಕೇ ವಾಟರ್ ಪಂಪಿನೊಂದಿಗೆ ಬದಲಿಸಿದ್ದರು. ಟಾಪು ಹೊಸದು, ಹಿಂದಿನ ಕಿಟಕಿ ಗಾಜಿನದು. ಕ್ಲಚ್ಚಿನ ಕೆಳಗಿನ ಚಿಕ್ಕ ಸಿಲಿಂಡರು ಸಣ್ಣಗೆ ಸೋರುತ್ತಿತ್ತು. ಈ ಕಾರುಗಳಿಗೆ ಅದು ನೆಗಡಿಯಿದ್ದ ಹಾಗೆ, ಬಂದು ಹೋಗುವ ಕಾಯಿಲೆ. ತಣ್ಣಗಿದ್ದಾಗ ಎಂಜಿನ್ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಸುಮ್ಮನಾಯಿತು.

‘ಒಂದು ಲಕ್ಷ ಓಡೈತಲ್ಲಪ್ಪ, ನಲವತ್ತು ಸಾವಿರದ್ದು ಬಿಟ್ಟು?’ ಎಂದು ತಾಯಿ ಪಕ್ಕದಿಂದ ಕೇಳಿದರು.

‘ನಮ್ಮ ಬಸ್ಸುಗಳು ಹತ್ತು ಲಕ್ಷ ಓಡ್ತಿದ್ವು ಕಣೆ’ ಎಂದರು ತಂದೆ. ‘ಓಡಿದ್ದು ಲೆಕ್ಕ ಅಲ್ಲ, ನೋಡ್ಕೊಂಡಿದ್ದು ಲೆಕ್ಕ. ಅದನ್ನೇ ತಗೊಳ್ಳೋ.’

ತಂದೆ ಹೇಳಿದ ಐದರ ಗೆರೆ 60 ಸಾವಿರದಷ್ಟು ದಾಟಿತು. ಆದರೆ ಬೆಲ್ಟು, ಟಾಪು, ಶಾಕೆನ್ ಮೂರೂ ಆಗಿದ್ದದ್ದರಿಂದ ಮೊದಲ ವರ್ಷದ ಊಟದ ಬಹುಪಾಲು ಮೊದಲೇ ಮುಗಿದಿತ್ತು. ಉಳಿದ ಹಣದಲ್ಲಿ ಕ್ಲಚ್ ಸಿಲಿಂಡರು, ನಾಲ್ಕು ಟೈರು, ವಿಮೆ. ತಂಗಿಯ 3 ಲಕ್ಷಕ್ಕೆ ಕೈ ಹೋಗಲಿಲ್ಲ. ಕಾಯ್ತಾದ ಬಾಡಿಗೆ ಜಾಗದ ನಕ್ಷೆ ಕೊಟ್ಟು ಪ್ರಮಾಣಪತ್ರ ಪಡೆದದ್ದಾಯಿತು. 1.6 ಲೀಟರಿನ ಈ ಎಂಜಿನ್ನಿಗೆ ಸಾಧಾರಣ ಪೆಟ್ರೋಲೇ ಸಾಕು. ಲೀಟರಿಗೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಬರುತ್ತದೆ. ಸೆನೋದ ಏರಿನಲ್ಲಿ ಗೂಡ್ಸ್ ರೈಲಿಗೆ ಎರಡು ಎಂಜಿನ್ ಬೇಕಾದಲ್ಲಿ ಈ ಪುಟ್ಟ ಕಾರು ಮೂರನೆಯ ಗೇರಿನಲ್ಲಿ ಸರಾಗವಾಗಿ ಏರುತ್ತದೆ.

ದಿನನಿತ್ಯಕ್ಕೆ ಈ ಕಾರಿನ ಕಷ್ಟಗಳೂ ಇವೆ. ಜೂನ್, ಜುಲೈಯ ಮಳೆಗಾಲದಲ್ಲಿ ಒಳಗೆ ಆವಿ ಕಟ್ಟುತ್ತದೆ. ಬೇಸಿಗೆಯ ಸೆಕೆಗೆ ಟಾಪು ತೆರೆದರೆ ನೆತ್ತಿ ಸುಡುತ್ತದೆ, ಮುಚ್ಚಿದರೆ ಬೇಯುತ್ತದೆ. ಲಾರಿಯ ಚಕ್ರದ ನಟ್ಟುಗಳು ಕಣ್ಣಿನ ಮಟ್ಟಕ್ಕೆ ಬರುತ್ತವೆ. ಅಕ್ಕಿ ಮೂಟೆ ಮತ್ತು ಗೆಳೆಯ ಇಬ್ಬರನ್ನೂ ಒಂದೇ ಸಲಕ್ಕೆ ಕರೆತರಲಾಗದು. ಇಷ್ಟಾದರೂ ನವೆಂಬರಿನಲ್ಲಿ ಬೆಟ್ಟಗಳು ಕೆಂಪಾದಾಗ, ಟಾಪು ಇಳಿಸಿ, ಕಾಲಿಗೆ ಹೀಟರು ಬಿಟ್ಟುಕೊಂಡು ಹೋಗುವವರನ್ನು ಕಂಡರೆ ಟ್ರಾಮಿನಲ್ಲಿ ನಿಂತವರೂ ನಗುತ್ತಾರೆ.

ಆ ನವೆಂಬರಿನಲ್ಲೇ ತಂದೆತಾಯಿ ಹಾಸನದಿಂದ ಬಂದರು. ಮೂವರು ಮನುಷ್ಯರು, ಎರಡು ಸೀಟು. ಸಮುದ್ರದಲ್ಲಿ ನಿಂತ ಕೆಂಪು ತೋರಣದ ಮಿಯಾಜಿಮಾ ದ್ವೀಪಕ್ಕೆ ಹೋಗುವ ದಿನ ತಾಯಿ ಕಾರಿನಲ್ಲಿ, ತಂದೆ ರೈಲಿನಲ್ಲಿ. ಬರುವಾಗ ಅದಲು ಬದಲು. ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಮಗನ ಉಣ್ಣೆ ಟೋಪಿ ಹಾಕಿಕೊಂಡು ಕುಳಿತ ತಾಯಿ ದೋಣಿಯ ಕಟ್ಟೆ ತಲುಪುವವರೆಗೆ ಟಾಪು ಮುಚ್ಚಲು ಬಿಡಲಿಲ್ಲ. ರೈಲಿನಲ್ಲಿ ಬಂದ ತಂದೆ ಅಲ್ಲಿ ಅರ್ಧ ಗಂಟೆ ಕಾಯುತ್ತಿದ್ದರು. ಕಾರು ಬಂದು ನಿಂತೊಡನೆ ಅವರು ಜೇಬಿನಿಂದ ಮೊದಲೇ ಸಿದ್ಧಮಾಡಿಟ್ಟುಕೊಂಡಿದ್ದ ಮೆತ್ತನೆಯ ವೈರನ್ನು ತೆಗೆದು, ಸೀಟಿನ ಹಿಂದೆ ಬಗ್ಗಿ, ಎಡಗಡೆಯ ತೂತಿಗೆ ಇಳಿಬಿಟ್ಟರು. ನಾಲ್ಕು ಪೈನ್ ಸೂಜಿ, ಒಂದು ಚಿಟಿಕೆ ಕೆಸರು ಬಂತು. ಬಾಟಲಿಯ ನೀರು ಸುರಿದಾಗ ಹಿಂದಿನ ಚಕ್ರದ ಮುಂದೆ ನೆಲ ಒದ್ದೆಯಾಯಿತು. ದೋಣಿಗೆ ಇನ್ನೂ ಹತ್ತು ನಿಮಿಷವಿತ್ತು. ಅವರು ಬಲಗಡೆಗೆ ಹೋದರು.